ಬಲಗಾಲಿನ ದಿನ

ಬೆಳಗಿನ ಐದೂಮುಕ್ಕಾಲು. ಬೀದಿಯ ದೀಪಗಳು ಇನ್ನೂ ಆರಿಲ್ಲ, ಆದರೆ ಅವುಗಳ ಬೆಳಕು ಇನ್ನು ಯಾರಿಗೂ ಬೇಡ ಎನ್ನುವಷ್ಟು ಆಕಾಶ ತಿಳಿಯಾಗಿದೆ. ತಗಡಿನ ಷಟರನ್ನು ಎರಡೂ ಕೈಯಿಂದ ಮೇಲೆತ್ತಿ, ಅದು ಅರ್ಧದಲ್ಲಿ ಸಿಕ್ಕಿಕೊಳ್ಳುವ ಕಡೆ ಮೊಣಕೈಯಿಂದ ಒಂದು ಗುದ್ದು ಕೊಟ್ಟು, ಅರವತ್ತೊಂದು ವರ್ಷದ ಈ ಮನುಷ್ಯ ತಮ್ಮ ಶೆಡ್ಡಿನೊಳಗೆ ಬರುತ್ತಾರೆ. ದೀಪ ಹಾಕುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಯಾರಿಗೆ ಎಂದು ಕೇಳಿದರೆ, "ಇವತ್ತೂ ಎಬ್ಬಿಸಿದೋನಿಗೆ" ಎನ್ನುತ್ತಾರೆ. ಆಮೇಲೆ ಗೋಡೆಯ ಮೊಳೆಗೆ ನೇತುಹಾಕಿದ ಕೆಂಪು ರಬ್ಬರ್ ಪಟ್ಟಿಯನ್ನು ತೆಗೆದು, ಸ್ಟೂಲಿನ ಮೇಲೆ ಕೂತು, ಬಲಗಾಲಿನ ಬೂಟಿಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಾರೆ.

ಗೋಡೆಯಾಚೆಯೇ ಅಡುಗೆಮನೆ. ಅಲ್ಲಿಂದ ಹೆಂಡತಿಯ ದನಿ ಬರುತ್ತದೆ.

"ಎಷ್ಟನೇ ದಿನ?"

"ಎಂಬತ್ತೊಂಬತ್ತು."

"ಕಟ್ಕೊಂಡ್ರಾ?"

"ಕಟ್ಕೊಂಡೆ."

"ಯಾವ ಕಾಲಿಗೆ?"

ಅವರು ಒಮ್ಮೆ ಬಗ್ಗಿ ನೋಡಿಯೇ ಉತ್ತರ ಕೊಡುತ್ತಾರೆ. "ಬಲಗಾಲಿಗೇ ಮಾರಾಯ್ತಿ."

ಶೆಡ್ಡಿನ ನಡುವೆ ಒಂದು ಹಳೆಯ ಮೋಟಾರ್ ಸೈಕಲ್ ನಿಂತಿದೆ. ಪೆಟ್ರೋಲ್ ಟ್ಯಾಂಕಿನ ಬಣ್ಣ ಎರಡೂ ಮೊಣಕಾಲು ತಾಗುವ ಕಡೆ ಉಜ್ಜಿ ಉಜ್ಜಿ ಹೋಗಿ, ಲೋಹ ಕನ್ನಡಿಯ ಹಾಗೆ ಹೊಳೆಯುತ್ತದೆ. ಅವರು ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿ, ಹ್ಯಾಂಡಲ್ಲಿನ ಎಡಗಡೆಯ, ಎಂಜಿನ್ನಿನ ಕಿಡಿಯನ್ನು ತಡಮಾಡುವ ಸಣ್ಣ ಹಿಡಿಯನ್ನು ಹಿಂದಕ್ಕೆ ಸರಿಸಿ, ಒದೆಯುತ್ತಾರೆ. ಮೊದಲ ಒದೆತಕ್ಕೆ ಗಾಡಿ ಕೆಮ್ಮುತ್ತದೆ. ಎರಡನೆಯದಕ್ಕೆ ಅದೂ ಇಲ್ಲ. ಮೂರನೆಯದಕ್ಕೆ ಎಂಜಿನ್ ಹಿಡಿದುಕೊಂಡು, ಅವಸರವೇ ಇಲ್ಲದ ಮನುಷ್ಯ ಮೆಟ್ಟಿಲಿಳಿದು ಬಂದ ಹಾಗೆ, ಒಂದೊಂದೇ ಏಟು ಹಾಕತೊಡಗುತ್ತದೆ. ಏಟು ಏಟಿನ ನಡುವೆ ಒಂದು ಮಾತು ಆಡಿಬಿಡಬಹುದು.

"ಕೇಳಿದ್ರಲ್ಲ?" ಎನ್ನುತ್ತಾರೆ ಅವರು, ತಮ್ಮ ಬಗ್ಗೆ ಬರೆದುಕೊಳ್ಳಲು ಬಂದವರ ಕಡೆ ತಿರುಗಿ. "ಇದಕ್ಕೇನಾದ್ರೂ ವಯಸ್ಸಾಗಿದೆಯಾ?"

ಸುತ್ತಲಿನ ನಾಲ್ಕಾರು ಬೀದಿಗಳಲ್ಲಿ ಎಲ್ಲರೂ ಇವರನ್ನು ಕರೆಯುವುದು ಸೊನ್ನೆ ಮಾಮ ಎಂದು. ಹೊಸಬರಿಗೆ ಅದು ಅವಮಾನದ ಹೆಸರಿನ ಹಾಗೆ ಕೇಳಿಸುತ್ತದೆ. ಹಾಗಲ್ಲ. ಟ್ರಯಲ್ಸ್ ಎಂಬ ಮೋಟಾರ್ ಸೈಕಲ್ ಆಟವೊಂದಿದೆ. ಇದರಲ್ಲಿ ವೇಗಕ್ಕೆ ಬೆಲೆಯಿಲ್ಲ, ಮೊದಲು ಬಂದವರಿಗೆ ಬಹುಮಾನವೂ ಇಲ್ಲ. ಬಂಡೆ, ಹಳ್ಳ, ಬೇರು, ಕೆಸರು ತುಂಬಿದ ಒಂದು ಚಿಕ್ಕ ದಾರಿಗೆ ಎರಡೂ ಕಡೆ ಟೇಪು ಕಟ್ಟಿರುತ್ತಾರೆ. ನಡೆಯುವವರೂ ಕೈ ಊರಿ ಹತ್ತಬೇಕಾದ ಆ ದಾರಿಯನ್ನು ನೆಲಕ್ಕೆ ಕಾಲು ತಾಗಿಸದೆ ಗಾಡಿಯ ಮೇಲೆ ನಿಂತುಕೊಂಡೇ ದಾಟಬೇಕು. ಒಂದು ಸಲ ಕಾಲೂರಿದರೆ ಒಂದು ತಪ್ಪು, ಎರಡು ಸಲಕ್ಕೆ ಎರಡು, ಅದಕ್ಕಿಂತ ಹೆಚ್ಚು ಎಷ್ಟೇ ಊರಿದರೂ ಮೂರು. ಗಾಡಿ ನಿಂತೇಬಿಟ್ಟರೆ, ಅಥವಾ ಬಿದ್ದರೆ, ಐದು. ಪ್ರತಿ ದಾರಿಯ ಪಕ್ಕದಲ್ಲೂ ಒಬ್ಬ ತೀರ್ಪುಗಾರರು ನಿಂತು, ಸವಾರನ ಹ್ಯಾಂಡಲ್ಲಿಗೆ ಕಟ್ಟಿದ ಕಾರ್ಡಿನಲ್ಲಿ ಆ ಅಂಕಿಯ ಮೇಲೆ ತೂತು ಹೊಡೆಯುತ್ತಾರೆ. ಇಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕ ಸೊನ್ನೆ.

"ಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು ನನಗೆ ಸೊನ್ನೆ ಸುತ್ತಿ ಸುತ್ತಿ ಪೆನ್ನಿನ ಶಾಯಿ ಖಾಲಿ ಮಾಡ್ಕೊಂಡ್ರು" ಎಂದು ಅವರು ಹೇಳುತ್ತಾರೆ. "ಸೊನ್ನೆಗೆ ಬೆಲೆ ಇರೋ ಜಾಗ ಎಲ್ಲಿದೆ ಅಂತ ಹುಡುಕ್ಕೊಂಡು ಬಂದೆ. ಸಿಕ್ತು."

ಊರಿನಾಚೆಯ ಗುಡ್ಡದಲ್ಲಿ ವರ್ಷಕ್ಕೊಮ್ಮೆ ದೊಡ್ಡ ಕೂಟ ನಡೆಯುತ್ತದೆ. ಈ ವರ್ಷದ ಕೂಟ ನಾಳೆ, ಭಾನುವಾರ. ಅದಕ್ಕಾಗಿಯೇ ಈ ಕೆಂಪು ಪಟ್ಟಿ, ಅದಕ್ಕಾಗಿಯೇ ಈ ದಿನಗಳ ಎಣಿಕೆ.

ಪಟ್ಟಿಯ ಕತೆ ತಿಳಿಯಬೇಕಾದರೆ ಶೆಡ್ಡಿನ ಎರಡು ಗೋಡೆಗಳನ್ನು ನೋಡಬೇಕು. ಎಡಗೋಡೆಗೆ ಹನ್ನೊಂದು ಹೊಸ ಟ್ರಯಲ್ಸ್ ಗಾಡಿಗಳು. ಸೀಟೇ ಇಲ್ಲ, ಮಿಡತೆಯ ಹಾಗೆ ಬೆನ್ನು ಬಗ್ಗಿಸಿ ನಿಂತಿವೆ. ಒಂದೊಂದರ ತೂಕ ಅರವತ್ತೇಳು, ಅರವತ್ತೆಂಟು ಕಿಲೋ. "ಎತ್ಕೊಂಡು ಹೋಗಿ ಬಚ್ಚಲಲ್ಲಿ ಕೂರಿಸಿ ಸ್ನಾನ ಮಾಡಿಸ್ಬಹುದು" ಎಂದು ಹೆಂಡತಿ ನಗುತ್ತಾರೆ. ಬಲಗೋಡೆಗೆ ಐದು ಹಳೆಯ ಗಾಡಿಗಳು, ನಡುವೆ ನಿಂತದ್ದೂ ಸೇರಿದರೆ ಆರು; ಎಲ್ಲವೂ ಸೊನ್ನೆ ಮಾಮನಿಗಿಂತ ಹಿರಿಯವು, ನೂರಮೂವತ್ತು ಕಿಲೋಗೆ ಕಡಿಮೆಯಿಲ್ಲ. ಹೊಸ ಗಾಡಿಗಳಲ್ಲಿ ಎಡಗಾಲಿಗೆ ಗೇರು, ಬಲಗಾಲಿಗೆ ಬ್ರೇಕು. ಹಳೆಯ ಗಾಡಿಗಳಲ್ಲಿ ಅದು ಪೂರ್ತಿ ತಿರುಗುಮುರುಗು: ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಒಂದೇ ಬಗೆಯ ಗಾಡಿ ಓಡಿಸುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ದಿನವೆಲ್ಲ ಎರಡನ್ನೂ ರಿಪೇರಿ ಮಾಡಿ, ಎರಡನ್ನೂ ಓಡಿಸಿ ನೋಡುವವರ ಕಾಲುಗಳಿಗೆ ಮಾತ್ರ ತಾವು ಯಾವ ಮನೆಯಲ್ಲಿದ್ದೇವೆ ಎಂಬುದೇ ಮರೆತುಹೋಗುತ್ತದೆ.

ಕಳೆದ ವರ್ಷದ ಕೂಟದಲ್ಲಿ ಆದದ್ದು ಅದೇ.

ಗುಡ್ಡದ ಹತ್ತು ದಾರಿಗಳಲ್ಲಿ ಅತಿ ಕಷ್ಟದ್ದು ಗೂನು ಬಂಡೆ. ಮೊದಲು ಒಂದಾಳುದ್ದ ಕಡಿದಾದ ಇಳಿಜಾರು, ಅದರ ಬುಡದಲ್ಲಿ ಪಾಚಿ ಹಿಡಿದ ತೊರೆ, ತೊರೆ ದಾಟಿದ ಕೂಡಲೇ ಎದುರಿಗೆ ಬೆನ್ನು ಉಬ್ಬಿಸಿಕೊಂಡು ಕೂತ ಬಂಡೆ. ಇಳಿಯುವಾಗ ಬ್ರೇಕು ಮೆಲ್ಲಗೆ ಹಿಡಿದು, ತೊರೆಯಲ್ಲಿ ಬಿಟ್ಟು, ಬಂಡೆಗೆ ಒಂದೇ ಉಸಿರಿನಲ್ಲಿ ಏರಬೇಕು. ಹೋದ ವರ್ಷ ಸೊನ್ನೆ ಮಾಮ ಈ ಹಳೆಯ ಗಾಡಿಯ ಮೇಲೆ ನಿಂತು ಇಳಿಜಾರಿಗೆ ಬಂದರು. ಹಿಂದಿನ ಇಡೀ ವಾರ ಹೊಸ ಗಾಡಿಗಳನ್ನೇ ಓಡಿಸಿದ್ದ ಬಲಗಾಲು ತಾನಾಗಿ ಬ್ರೇಕು ಎಂದುಕೊಂಡು ಕೆಳಗೊತ್ತಿತು. ಅದು ಬ್ರೇಕಲ್ಲ, ಗೇರು. ಗಾಡಿ ನ್ಯೂಟ್ರಲ್ಲಿಗೆ ಬಿತ್ತು. ಎಂಜಿನ್ ಸುಮ್ಮನೆ ಅಬ್ಬರಿಸಿತು, ಚಕ್ರಕ್ಕೆ ಬಲ ಹೋಗಲಿಲ್ಲ. ಗಾಡಿ ಬಂಡೆಯನ್ನು ಅರ್ಧ ಹತ್ತಿ, ನಿಂತು, ಹಿಂದಕ್ಕೆ ಉರುಳಿ ಅವರ ಕಾಲ ಮೇಲೆಯೇ ಬಿತ್ತು. ಮೂರು ವಾರ ಅವರು ಕುಂಟಿದರು.

ಕುಂಟಿದ್ದಕ್ಕಿಂತ ಹೆಚ್ಚು ನೋವಾದದ್ದು ಆಮೇಲೆ ನಡೆದ ಕ್ಲಬ್ಬಿನ ಸಭೆಯಲ್ಲಿ. ಹಳೆಯ ಗಾಡಿಗಳಿಗೆ ಗುಡ್ಡ ಹತ್ತುವ ಶಕ್ತಿ ಉಳಿದಿಲ್ಲ, ಇನ್ನು ಮುಂದೆ ಅವನ್ನು ಕೆಳಗಿನ ಬಯಲಿನಲ್ಲಿ ಹಗ್ಗ ಕಟ್ಟಿ ನಿಲ್ಲಿಸೋಣ, ಜನ ಬಂದು ನೋಡಲಿ, ಫೋಟೊ ತೆಗೆದುಕೊಳ್ಳಲಿ ಎಂದು ಕಾರ್ಯದರ್ಶಿ ಸಲಹೆಯಿಟ್ಟರು. ಸೊನ್ನೆ ಮಾಮ ಎದ್ದು ನಿಂತು, "ತಪ್ಪು ಗಾಡಿದಲ್ಲ, ನನ್ನ ಕಾಲಿಂದು" ಎಂದರು. ಸಭೆ ಮೆಲ್ಲಗೆ ನಕ್ಕಿತು. ಮಕ್ಕಳ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವ ಅಪ್ಪನ ಹಾಗೆ ಗಾಡಿಯನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದಾರೆ ಎಂದು ಎಲ್ಲರೂ ತಿಳಿದರು.

ಕಾರ್ಯದರ್ಶಿ ಕೆಟ್ಟವರಲ್ಲ. "ಅವರು ಬಿದ್ದಾಗ ಮೊದಲು ಓಡಿದೋನು ನಾನೇ" ಎಂದು ಅವರು ಹೇಳುತ್ತಾರೆ. "ಗಾಡಿ ಎತ್ತೋಕೆ ನಾಲ್ಕು ಜನ ಬೇಕಾಯ್ತು. ಆ ಗಾಡಿಗಳ ಮೇಲೆ ನನಗೂ ಪ್ರೀತಿ ಇದೆ. ಪ್ರೀತಿ ಇದೆ ಅಂತ ಮುದುಕರನ್ನ ಬಂಡೆ ಹತ್ತಿಸೋಕಾಗುತ್ತಾ?" ಕೊನೆಗೆ ಒಂದು ಒಪ್ಪಂದವಾಯಿತು. ಈ ವರ್ಷದ ಕೂಟದಲ್ಲಿ ಒಂದೇ ಒಂದು ಹಳೆಯ ಗಾಡಿ ಗೂನು ಬಂಡೆಯನ್ನು ನಿಲ್ಲದೆ ದಾಟಿದರೂ ಎಲ್ಲ ಹಳೆಯ ಗಾಡಿಗಳೂ ಗುಡ್ಡದಲ್ಲೇ ಉಳಿಯುತ್ತವೆ. ದಾಟದಿದ್ದರೆ ಬಯಲು, ಹಗ್ಗ, ಫೋಟೊ.

"ಗಾಡಿನ ಒಂದು ವರ್ಷ ನಿಲ್ಲಿಸಿ ನೋಡಿ" ಎನ್ನುತ್ತಾರೆ ಸೊನ್ನೆ ಮಾಮ. ಅವರ ದನಿ ಏರುವುದಿಲ್ಲ, ಆದರೆ ಕೈಯಲ್ಲಿದ್ದ ಬಟ್ಟೆ ಮುದ್ದೆಯಾಗುತ್ತದೆ. "ಟೈರು ಕೂತ ಕಡೆ ಚಪ್ಪಟೆ ಆಗುತ್ತೆ. ಪೆಟ್ರೋಲು ಅಂಟಾಗುತ್ತೆ. ಕ್ಲಚ್ ಪ್ಲೇಟು ಒಂದಕ್ಕೊಂದು ಅಂಟ್ಕೊಂಡು ಕೂರುತ್ತೆ. ಹೊರಗಿಂದ ಹೊಳೀತಾ ಇರುತ್ತೆ, ಒಳಗೆ ಪ್ರಾಣ ಇರಲ್ಲ. ಅಂಥದ್ದನ್ನ ಒರೆಸೋಕೆ ನಾನು ಬೇಕಾ? ಯಾರಾದ್ರೂ ಒರೆಸ್ತಾರೆ."

ಈ ಗಾಡಿ ಅವರದಲ್ಲ. ಅವರ ಭಾವನದು, ಅಂದರೆ ಹೆಂಡತಿಯ ಅಣ್ಣನದು. ಈ ಶೆಡ್ಡೂ ಒಂದು ಕಾಲಕ್ಕೆ ಆತನದೇ. ಇಪ್ಪತ್ತಮೂರನೇ ವಯಸ್ಸಿನಲ್ಲಿ, ನೀರಿನ ಪಂಪು ರಿಪೇರಿ ಮಾಡಿಕೊಂಡಿದ್ದ ಸೊನ್ನೆ ಮಾಮ ಒಂದು ಗೇರ್‌ಬಾಕ್ಸ್ ಬಿಚ್ಚುವುದನ್ನು ನೋಡಲು ಇಲ್ಲಿಗೆ ಬಂದರು, ಮತ್ತೆ ಹೋಗಲಿಲ್ಲ. ಆಗ ಅಣ್ಣನಿಗೆ ಸ್ಪ್ಯಾನರ್ ಎತ್ತಿಕೊಡುತ್ತಿದ್ದವರು ತಂಗಿ.

"ಚಿಕ್ಕ ಸ್ಪ್ಯಾನರ್ ಕೇಳಿದ್ರೆ ದೊಡ್ಡದು ಕೊಡ್ತಿದ್ಲು" ಎಂದು ಅವರು ನೆನೆಯುತ್ತಾರೆ. "ಬೇಕಂತಲೇ."

"ಬೇಕಂತಲೇ ಏನಿಲ್ಲ" ಎಂದು ಅಡುಗೆಮನೆಯಿಂದ ತಿದ್ದುಪಡಿ ಬರುತ್ತದೆ. "ನೀವು ಕೇಳ್ತಿದ್ದಿದ್ದು ಚಿಕ್ಕದು. ನಟ್ಟು ಇರ್ತಿದ್ದಿದ್ದು ದೊಡ್ಡದು."

"ಮದುವೆ ಮಾತು ಎತ್ತಿದಾಗ ಭಾವ ಒಂದೇ ಪ್ರಶ್ನೆ ಕೇಳಿದ್ದು."

"ಏನು ಕೇಳಿದ ಹೇಳಿ, ಬಂದೋರಿಗೂ ಗೊತ್ತಾಗ್ಲಿ."

"'ಇವಳು ಕೊಟ್ಟ ಸ್ಪ್ಯಾನರ್ ತಗೋತೀಯಾ, ಇಲ್ಲ ನೀನು ಕೇಳಿದ್ದೇ ಬೇಕಾ?' ಅಂದ. ಕೊಟ್ಟಿದ್ದು ತಗೋತೀನಿ ಅಂದೆ. ಇವತ್ತಿನವರೆಗೂ ತಗೋತಾ ಇದೀನಿ."

ಗೂನು ಬಂಡೆಯನ್ನು ಹಳೆಯ ಗಾಡಿಯಲ್ಲಿ ಕಾಲೂರದೆ ದಾಟಿದ ಒಬ್ಬನೇ ಮನುಷ್ಯ ಆ ಭಾವ. ಒಂದಲ್ಲ, ಆರು ವರ್ಷ. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಆತ ಏಳಲಿಲ್ಲ. ಹಿಂದಿನ ಸಂಜೆ ಸರಪಳಿಗೆ ಎಣ್ಣೆ ಬಿಟ್ಟು, ಡಬ್ಬಿಯ ಮುಚ್ಚಳ ಹಾಕುವುದನ್ನು ಮರೆತು ಮಲಗಿದ್ದ. ಆ ಮುಚ್ಚಳ ಈಗಲೂ ಬೆಂಚಿನ ಮೇಲೆ, ಡಬ್ಬಿಯ ಪಕ್ಕದಲ್ಲಿದೆ. ಡಬ್ಬಿಯಲ್ಲಿ ಎಣ್ಣೆ ಮುಗಿದು ಎಷ್ಟೋ ಕಾಲವಾಯಿತು. ಯಾರೂ ಮುಚ್ಚಿಲ್ಲ, ಯಾರೂ ಎಸೆದಿಲ್ಲ. ದೇವರು ಕರೆದುಕೊಂಡವರನ್ನು ಮರಳಿ ಕೇಳುವ ಹಾಗಿಲ್ಲ. ಅವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಕೈಗೆತ್ತಿಕೊಳ್ಳಬಹುದು, ಅಷ್ಟಕ್ಕೆ ಅವನು ಅಪ್ಪಣೆ ಕೊಟ್ಟಿದ್ದಾನೆ. ಈ ಮನೆಯಲ್ಲಿ ಅದೇ ನಡೆದಿದೆ. ಗಂಡ ಗಾಡಿ ನೋಡಿಕೊಳ್ಳುತ್ತಾರೆ. ಹೆಂಡತಿ ಇಪ್ಪತ್ತಾರು ವರ್ಷದಿಂದ, ಅಣ್ಣ ಆಡುತ್ತಿದ್ದ ಕಾಲದಿಂದಲೂ, ಗೂನು ಬಂಡೆಯ ತೀರ್ಪುಗಾರರು. ಈಗ ಕೂಟದ ದಿನ ಅಣ್ಣನ ಹಳೆಯ ಟೋಪಿ ಹಾಕಿಕೊಂಡು, ಕೈಯಲ್ಲಿ ತೂತು ಹೊಡೆಯುವ ಕತ್ತರಿ ಹಿಡಿದು ನಿಲ್ಲುತ್ತಾರೆ.

ಗಂಡನಿಗೆ ಹೆಂಡತಿಯೇ ಅಂಕ ಹಾಕಬಹುದೇ ಎಂದು ಹೊಸಬರು ಕೇಳುವುದುಂಟು. ಕ್ಲಬ್ಬಿನಲ್ಲಿ ಇದಕ್ಕೆ ಆಕ್ಷೇಪಣೆ ಬಂದದ್ದು ಒಂದೇ ಸಲ, ಅದನ್ನು ಎತ್ತಿದವರು ಸೊನ್ನೆ ಮಾಮ. ಬೇರೆ ಯಾರಾದರೂ ಸ್ವಲ್ಪ ಕರುಣೆ ತೋರಿಸಿಯಾರು ಎಂಬುದು ಅವರ ವಾದ.

ಕುಂಟುವುದು ನಿಂತ ದಿನವೇ ಅವರು ಶಪಥ ಮಾಡಲಿಲ್ಲ. ಮೊದಲು ಬೇರೆ ಉಪಾಯಗಳನ್ನೆಲ್ಲ ಮಾಡಿ ನೋಡಿದರು. ಹ್ಯಾಂಡಲ್ಲಿನ ಮೇಲೆ ಚೀಟಿ ಅಂಟಿಸಿದರು. ಬಂಡೆಯ ಮೇಲೆ ಚೀಟಿ ಓದುವ ಪುರುಸೊತ್ತು ಇರುವುದಿಲ್ಲ. ಬೆಳಗ್ಗೆ ಹಳೆಯದು, ಮಧ್ಯಾಹ್ನ ಹೊಸದು ಎಂದು ಹೊತ್ತು ಹಂಚಿದರು. ಕಾಲಿಗೆ ಗಡಿಯಾರ ತಿಳಿಯಲಿಲ್ಲ. ಕೊನೆಗೆ ಕೂಟಕ್ಕೆ ತೊಂಬತ್ತು ದಿನ ಇದೆ ಎನ್ನುವಾಗ ಎಡಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು: ಈ ಕಡೆಯ ಗಾಡಿ ಓಡಿಸುವುದಿಲ್ಲ. ಈ ಕಾಲು ಬ್ರೇಕಿನದಲ್ಲ ಎಂಬ ನೆನಪಿಗೆ ಬಲಗಾಲಿಗೆ ಕೆಂಪು ಪಟ್ಟಿ ಕಟ್ಟಿದ್ದೂ ಅಂದೇ. ಅಂದಿನಿಂದ ಹೊಸ ಗಾಡಿಗಳನ್ನು ಬಿಚ್ಚುತ್ತಾರೆ, ಜೋಡಿಸುತ್ತಾರೆ, ತೊಳೆಯುತ್ತಾರೆ. ಹತ್ತುವುದು ಮಾತ್ರ ಇಲ್ಲ. "ಒಂದೇ ಕಾಲಿಗೆ ಎರಡು ಪಾಠ ಹೇಳ್ಕೊಟ್ರೆ ಎರಡೂ ತಲೆಗೆ ಹೋಗಲ್ಲ" ಎನ್ನುತ್ತಾರೆ.

ಮನೆಯಲ್ಲಿ ಹೆಂಡತಿಯ ಪಾಠ ಬೇರೆ. ಊಟಕ್ಕೆ ಕೂತಾಗ, ಬಟ್ಟೆ ಒಣಹಾಕುವಾಗ, ಮಾತಿನ ನಡುವೆ, ಮುನ್ಸೂಚನೆಯಿಲ್ಲದೆ ಅವರು "ಬ್ರೇಕ್" ಎನ್ನುತ್ತಾರೆ. ತಕ್ಷಣ ಗಂಡನ ಎಡಗಾಲಿನ ಬೆರಳುಗಳು ನೆಲ ಒತ್ತಬೇಕು. ಮೊದಲ ವಾರ ಹತ್ತರಲ್ಲಿ ಏಳು ಸಲ ಬಲಗಾಲೇ ಒತ್ತಿತು. ನಲವತ್ತನೇ ದಿನಕ್ಕೆ ಹತ್ತಕ್ಕೆ ಹತ್ತೂ ಎಡಗಾಲು. ಅರವತ್ತನೇ ದಿನ ಅಂಚೆ ಕಚೇರಿಯ ಸಾಲಿನಲ್ಲಿ ಯಾರೋ ಫೋನಿನಲ್ಲಿ "ಬ್ರೇಕ್ ಸಿಕ್ಕಿಲ್ಲ ಕಣಯ್ಯಾ, ಊಟಕ್ಕೆ ಲೇಟಾಗುತ್ತೆ" ಎಂದರು. ಸೊನ್ನೆ ಮಾಮನ ಎಡಗಾಲು ಮುಂದೆ ನಿಂತವರ ಚಪ್ಪಲಿಯನ್ನು ತುಳಿದುಬಿಟ್ಟಿತು. "ಅವರ ಹತ್ರ ಬೈಸ್ಕೊಂಡೆ" ಎಂದು ಅವರು ಹೇಳುತ್ತಾರೆ. "ಒಳಗೊಳಗೇ ಖುಷಿ ಆಯ್ತು."

ಗಂಟೆ ಎಂಟಾಗುತ್ತದೆ. ಹೊಸ ಗಾಡಿಯೊಂದರ ಒಡತಿ ಬರುತ್ತಾರೆ. ಅವರು ಹಲ್ಲಿನ ಡಾಕ್ಟರು. ವಾರವೆಲ್ಲ ಜನರ ಬಾಯಿಯೊಳಗೆ ಬಗ್ಗಿ ಕೆಲಸ ಮಾಡಿ, ಭಾನುವಾರ ಬಂಡೆ ಹತ್ತುವವರು. ನಾಳೆ ಅವರೂ ಕೂಟದಲ್ಲಿದ್ದಾರೆ.

"ಕ್ಲಚ್ ಹಿಡಿದ್ರೂ ಗಾಡಿ ಮುಂದೆ ಎಳೀತಾ ಇದೆ ಮಾಮ."

"ಎಣ್ಣೆ ಬದಲಾಯ್ಸಿದ್ರಾ?"

"ಅಂಗಡಿಯವನು ಇದೂ ಒಳ್ಳೇದೇ ಅಂದ."

"ಡಾಕ್ಟ್ರೇ, ನಿಮ್ಮ ಹತ್ರ ಯಾರಾದ್ರೂ ಬಂದು, ಅಂಗಡಿಯವನು ಹೇಳ್ದ ಅಂತ ಹಲ್ಲಿಗೆ ಏನೋ ಹಚ್ಕೊಂಡೆ ಅಂದ್ರೆ ಏನ್ ಮಾಡ್ತೀರಿ?"

"ಬಾಯಿ ತೆಗೀರಿ ಅಂತೀನಿ."

"ಹಾಗಾದ್ರೆ ತೆಗೀರಿ" ಎಂದು ಎಂಜಿನ್ ತಳದ ಬೋಲ್ಟನ್ನು ತೋರಿಸಿ ಸ್ಪ್ಯಾನರ್ ಕೊಡುತ್ತಾರೆ.

ಎಣ್ಣೆ ಇಳಿದು, ಸರಿಯಾದ ಎಣ್ಣೆ ಹೋಗಿ, ಗಾಡಿ ಹಿತ್ತಿಲ ಜಾಗಕ್ಕೆ ಬರುತ್ತದೆ. ಮೊದಲಾಗಿದ್ದರೆ ಸೊನ್ನೆ ಮಾಮ ತಾವೇ ಹತ್ತಿ ನೋಡುತ್ತಿದ್ದರು. ಈಗ ಡಾಕ್ಟರು ನಿಧಾನಕ್ಕೆ ಓಡಿಸುತ್ತಾರೆ, ಅವರು ಎರಡು ಬೆರಳನ್ನು ಟ್ಯಾಂಕಿನ ಮೇಲಿಟ್ಟು ಪಕ್ಕದಲ್ಲಿ ನಡೆಯುತ್ತಾರೆ. ಕ್ಲಚ್ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಆ ಬೆರಳುಗಳಿಗೆ ತಿಳಿಯುತ್ತದೆ. ಹೀಗೆ ಈ ತೊಂಬತ್ತು ದಿನದಲ್ಲಿ ಅವರು ಎಷ್ಟು ನಡೆದಿದ್ದಾರೋ ಲೆಕ್ಕವಿಲ್ಲ. ಇದಕ್ಕೆ ತಾಳ್ಮೆಯಿಲ್ಲದ ಮೂವರು ಗಾಡಿಗಳನ್ನು ಬೇರೆ ಕಡೆ ಒಯ್ದರು. "ಹೋಗ್ಲಿ ಬಿಡಿ" ಎನ್ನುತ್ತಾರೆ. "ನನ್ನ ಕಾಲು ನನಗೆ ವಾಪಸ್ ಬೇಕಿತ್ತು."

ಡಾಕ್ಟರು ಹೆಲ್ಮೆಟ್ ತೆಗೆಯುತ್ತಾ ಕೇಳುತ್ತಾರೆ, "ನಾಳೆ ಆಗುತ್ತಾ ಮಾಮ?"

"ಗಾಡಿಗೆ ಆಗುತ್ತೆ."

"ನಿಮಗೆ?"

"ಅದನ್ನ ನಾಳೆ ಕೇಳಿ."

ಉಳಿದ ದಿನ ಕೆಲಸದಲ್ಲಿ ಕಳೆಯುತ್ತದೆ. ಪ್ರತಿ ಚಕ್ರಕ್ಕೆ ಮೂವತ್ತಾರು ಕಡ್ಡಿ. ನಾಳೆ ಹೊರಡುವ ಆರೂ ಹಳೆಯ ಗಾಡಿಗಳ ಹನ್ನೆರಡು ಚಕ್ರಗಳಿಗೆ ನಾನೂರ ಮೂವತ್ತೆರಡು. ಒಂದೊಂದನ್ನೂ ಸ್ಪ್ಯಾನರಿನ ತುದಿಯಿಂದ ಮುಟ್ಟಿ ಅದರ ನಾದ ಕೇಳುತ್ತಾರೆ. ಬಿಗಿಯಾದದ್ದು ಸಣ್ಣಗೆ ಹಾಡುತ್ತದೆ, ಸಡಿಲವಾದದ್ದು ಗೊಣಗುತ್ತದೆ. ಇವತ್ತು ಗೊಣಗಿದವು ಒಂಬತ್ತು. ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಜರಡಿಗಳನ್ನು ತೊಳೆದು, ಹಿಂಡಿ, ಎಣ್ಣೆ ಸವರಿ ಒಣಹಾಕುತ್ತಾರೆ. ಟೈರಿಗೆ ಗಾಳಿ ನಾಲ್ಕೇ ಪೌಂಡು. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಬೇಕು, ಆಗಲೇ ಅದು ಬಂಡೆಯನ್ನು ಅಂಗೈಯ ಹಾಗೆ ಹಿಡಿಯುತ್ತದೆ. ಕತ್ತಲಾಗುವ ಮೊದಲೇ ಷಟರು ಇಳಿಯುತ್ತದೆ. ಕೂಟದ ಹಿಂದಿನ ದಿನ ಬೇಗ ಮಲಗಬೇಕೆಂಬುದು ಭಾವ ಮಾಡಿಟ್ಟುಹೋದ ನಿಯಮ.

ಭಾನುವಾರ ಬೆಳಗ್ಗೆ ಗುಡ್ಡದ ಬುಡದಲ್ಲಿ ಇಬ್ಬನಿ ಇನ್ನೂ ಆರಿಲ್ಲ. ಪ್ರತಿ ಸವಾರನೂ ಹತ್ತು ದಾರಿಗಳನ್ನು ಎರಡು ಸುತ್ತು ಹಾಕಬೇಕು. ಅಂದರೆ ಗೂನು ಬಂಡೆಗೆ ಎರಡೇ ಅವಕಾಶ. ಬಂಡೆಯ ಮೇಲೆ ಅಣ್ಣನ ಟೋಪಿ ಹಾಕಿಕೊಂಡ ತಂಗಿ. ಅವರ ಪಕ್ಕದಲ್ಲಿ, ಆಮೇಲೆ ತೀರ್ಪಿನ ಬಗ್ಗೆ ಯಾರೂ ಮಾತಾಡದಿರಲಿ ಎಂದು, ಕಾರ್ಯದರ್ಶಿ ತಾವೇ ಬಂದು ನಿಂತಿದ್ದಾರೆ.

ಮೊದಲ ಸುತ್ತಿನಲ್ಲಿ ಉಳಿದ ಐದು ಹಳೆಯ ಗಾಡಿಗಳೂ ಸೋಲುತ್ತವೆ. ಎರಡು ತೊರೆಯಲ್ಲಿ ಜಾರುತ್ತವೆ, ಮೂರು ಬಂಡೆಯ ಬುಡದಲ್ಲಿ ನಿಂತುಬಿಡುತ್ತವೆ. ಐದು, ಐದು, ಐದು ಎಂದು ಕತ್ತರಿ ಕಚ್ಚುತ್ತಾ ಹೋಗುತ್ತದೆ. ಆಮೇಲೆ ಸೊನ್ನೆ ಮಾಮ ಬರುತ್ತಾರೆ. ಇಳಿಜಾರಿನ ಅಂಚಿನಲ್ಲಿ ಗಾಡಿಯ ಮೂತಿ ಕೆಳಗಾಗುತ್ತದೆ. ಬಲಗಾಲು ಕಲ್ಲಿನ ಹಾಗೆ ಅಲುಗದೆ ಇರುತ್ತದೆ. ಎಡಗಾಲು, ತೊಂಬತ್ತು ದಿನ ಕಾದ ಎಡಗಾಲು, ಅಡುಗೆಮನೆಯ ನೆಲ ಒತ್ತಿದಷ್ಟೇ ಜೋರಾಗಿ ಬ್ರೇಕನ್ನು ಒತ್ತುತ್ತದೆ. ಹಿಂದಿನ ಚಕ್ರ ಕಚ್ಚಿಕೊಂಡು ಎಂಜಿನ್ ಆರಿಹೋಗುತ್ತದೆ. ಗಾಡಿ ಇಳಿಜಾರಿನ ನಡುವೆಯೇ ನಿಲ್ಲುತ್ತದೆ.

ಗಾಡಿಯನ್ನು ತಳ್ಳಿಕೊಂಡು ಮೇಲೆ ಬಂದು ಅವರು ಹ್ಯಾಂಡಲ್ಲಿನ ಕಾರ್ಡನ್ನು ಮುಂದಕ್ಕೆ ಮಾಡುತ್ತಾರೆ. ಹೆಂಡತಿ ಐದರ ಮೇಲೆ ತೂತು ಹೊಡೆಯುತ್ತಾರೆ.

"ಸರಿಯಾದ ಕಾಲೇ ಒತ್ತಿದ್ರಿ" ಎನ್ನುತ್ತಾರೆ ಮೆಲ್ಲಗೆ.

"ಬುದ್ಧಿ ಬಂತು" ಎನ್ನುತ್ತಾರೆ ಗಂಡ. "ಸ್ವಲ್ಪ ಜಾಸ್ತಿನೇ ಬಂತು."

ಕಾರ್ಯದರ್ಶಿ ಅವರ ಹೆಗಲ ಮೇಲೆ ಕೈಯಿಡುತ್ತಾರೆ. "ಸಾಕು ಅನ್ಸಿದ್ರೆ ಎರಡನೇ ಸುತ್ತಿಗೆ ಬರಲೇಬೇಕು ಅಂತೇನಿಲ್ಲ ಮಾಮ. ಯಾರೂ ಏನೂ ಅಂದ್ಕೊಳ್ಳಲ್ಲ."

"ನೀವೇ ನೋಡಿದ್ರಲ್ಲ. ಗಾಡಿ ಏನು ತಪ್ಪು ಮಾಡ್ತು?"

ಕಾರ್ಯದರ್ಶಿ ಹೆಗಲ ಮೇಲಿನ ಕೈ ತೆಗೆದು ಗಾಡಿಯನ್ನೇ ನೋಡುತ್ತಾರೆ.

ಎರಡು ಸುತ್ತುಗಳ ನಡುವೆ ಮುಕ್ಕಾಲು ಗಂಟೆ ಬಿಡುವು. ಉಳಿದವರು ನೆರಳಲ್ಲಿ ಕೂತು ನೀರು ಕುಡಿಯುವಾಗ ಸೊನ್ನೆ ಮಾಮ ಹುಲ್ಲಿನ ಮೇಲೆ ಪಕ್ಕಕ್ಕೆ ಮಲಗಿ, ಬ್ರೇಕಿನ ಸರಳಿನ ತುದಿಯ ನಟ್ಟನ್ನು ತಿರುಗಿಸುತ್ತಿದ್ದಾರೆ. ಕಾಲಿನ ಅಭ್ಯಾಸವನ್ನು ಮುಕ್ಕಾಲು ಗಂಟೆಯಲ್ಲಿ ತಿದ್ದಲಾಗದು, ಬ್ರೇಕನ್ನು ತಿದ್ದಬಹುದು. ಒಂದು ಸುತ್ತು ಸಡಿಲಿಸಿ ಒತ್ತಿ ನೋಡುತ್ತಾರೆ. ಇನ್ನೊಂದು. ಇನ್ನರ್ಧ. ಈಗ ಕಾಲು ಎಷ್ಟೇ ಜೋರಾಗಿ ಒತ್ತಿದರೂ ಬ್ರೇಕು ಅರ್ಧವೇ ಹಿಡಿಯುತ್ತದೆ. ಎದ್ದು ಕೂತು, ಬಲಗಾಲಿನ ಬೂಟಿನಿಂದ ಕೆಂಪು ಪಟ್ಟಿಯನ್ನು ಬಿಚ್ಚುತ್ತಾರೆ.

ಎರಡನೇ ಸುತ್ತಿಗೆ ಹೊರಡುವ ಮುನ್ನ ಬಂಡೆಯ ಬಳಿಗೆ ನಡೆದು ಬಂದು ಅದನ್ನು ಹೆಂಡತಿಯ ಕೈಗೆ ಕೊಡುತ್ತಾರೆ.

"ಇದ್ಯಾಕೆ ಬಿಚ್ಚಿದ್ರಿ?"

"ಕಾಲಿಗೆ ಗೊತ್ತಾಗಿದೆ. ಇನ್ನು ನೀನು ಇಟ್ಕೊ."

ಅವರು ಅದನ್ನು ಮಣಿಕಟ್ಟಿಗೆ ಸುತ್ತಿಕೊಂಡು ಕತ್ತರಿ ಹಿಡಿಯುತ್ತಾರೆ.

ಉಳಿದ ಐದು ಗಾಡಿಗಳು ಮತ್ತೆ ಸೋಲುತ್ತವೆ. ಬಿಸಿಲು ಏರಿದೆ. ಹೊಸ ಗಾಡಿಗಳ ಸವಾರರೂ ತಮ್ಮ ಸುತ್ತು ಮುಗಿಸಿ, ಹೆಲ್ಮೆಟ್ ತೆಗೆದು ಟೇಪಿನ ಎರಡೂ ಬದಿ ಬಂದು ನಿಂತಿದ್ದಾರೆ. ಅವರ ನಡುವೆ ಹಲ್ಲಿನ ಡಾಕ್ಟರು, ಮೊಣಕಾಲವರೆಗೂ ಕೆಸರು. ದೂರದಿಂದಲೇ ಹಳೆಯ ಎಂಜಿನ್ನಿನ ಏಟು ಕೇಳಿಸುತ್ತದೆ.

ಇಳಿಜಾರು. ಎಡಗಾಲು ಒತ್ತುತ್ತದೆ. ಚಕ್ರ ಕಚ್ಚಿಕೊಳ್ಳುವುದಿಲ್ಲ, ಉರುಳುತ್ತಾ ಉರುಳುತ್ತಾ ತೊರೆಗಿಳಿಯುತ್ತದೆ. ಪಾಚಿಯ ಮೇಲೆ ಮುಂದಿನ ಚಕ್ರ ಒಮ್ಮೆ ಅತ್ತಿತ್ತ ನೋಡಿ ಸುಮ್ಮನಾಗುತ್ತದೆ. ಎಡಗೈಯ ಹೆಬ್ಬೆರಳು ಆ ಸಣ್ಣ ಹಿಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಎಂಜಿನ್ನಿನ ಏಟು ಇನ್ನೂ ನಿಧಾನವಾಗುತ್ತದೆ. ಭಾವ ಕಲಿಸಿದ್ದು ಅದೇ: ಬಂಡೆ ಹತ್ತುವಾಗ ಎಂಜಿನ್ ಅಬ್ಬರಿಸಿದರೆ ಟೈರು ಜಾರುತ್ತದೆ, ಒಂದು ಏಟಿಗೆ ಒಂದು ಹೆಜ್ಜೆ ಇಟ್ಟರೆ ಹಿಡಿಯುತ್ತದೆ. ಏಟು. ಹೆಜ್ಜೆ. ಏಟು. ಹೆಜ್ಜೆ. ಕಳೆದ ವರ್ಷ ಉರುಳಿದ ಜಾಗ ಬರುತ್ತದೆ, ಹಿಂದಾಗುತ್ತದೆ. ಬಂಡೆಯ ಗೂನಿನ ಮೇಲೆ, ಇನ್ನೊಂದು ಗಾಡಿಯುದ್ದ ಉಳಿದಿದೆ ಎನ್ನುವಾಗ, ಅವರ ಮೈ ಒಂಚೂರು ಎಡಕ್ಕೆ ವಾಲುತ್ತದೆ. ಎಡಗಾಲಿನ ಬೂಟಿನ ತುದಿ ಕಲ್ಲನ್ನು ಮುಟ್ಟುತ್ತದೆ, ಮತ್ತೆ ಮೇಲೆ ಬರುತ್ತದೆ. ಕಣ್ಣು ಮಿಟುಕಿಸಿದವರಿಗೆ ಅದು ಕಾಣುವುದಿಲ್ಲ. ಗಾಡಿ ನಿಲ್ಲುವುದಿಲ್ಲ. ಮೇಲಿನ ಟೇಪು ದಾಟಿ ಹುಲ್ಲಿನ ಮೇಲೆ ಬಂದು, ಆಗಲೂ ಅವಸರವಿಲ್ಲದೆ, ಏಟು ಹಾಕುತ್ತಾ ಇರುತ್ತದೆ.

ಜನ ಚಪ್ಪಾಳೆ ತಟ್ಟುತ್ತಾರೆ. ಕಾರ್ಯದರ್ಶಿ ಎಲ್ಲರಿಗಿಂತ ಮೊದಲು ಓಡುತ್ತಾರೆ, ಈ ಸಲ ಎತ್ತುವುದಕ್ಕಲ್ಲ. "ಸೊನ್ನೆ, ಅಮ್ಮ, ಸೊನ್ನೆ ಹಾಕಿ" ಎನ್ನುತ್ತಾರೆ. "ಕಾಲು ಊರಿದ್ದು ನಾನಂತೂ ನೋಡ್ಲಿಲ್ಲ."

"ನಾನು ನೋಡ್ದೆ" ಎನ್ನುತ್ತಾರೆ ಹೆಂಡತಿ.

"ಬೂಟು ಸವರಿರ್ಬಹುದು ಅಷ್ಟೆ. ಬಿಡಿ, ಇವತ್ತೊಂದಿನ."

"ಸವರಿದ್ರೆ ಸವರಿದ ಹಾಗೆ." ಹ್ಯಾಂಡಲ್ಲಿನ ಕಾರ್ಡನ್ನು ಹಿಡಿದು ಒಂದರ ಮೇಲೆ ತೂತು ಹೊಡೆಯುತ್ತಾರೆ. ಕತ್ತರಿ ಹಿಡಿದ ಕೈ ಗಟ್ಟಿಯಾಗಿದೆ. ಟೋಪಿಯ ಕೆಳಗೆ ಕಣ್ಣು ಮಾತ್ರ ತುಂಬಿಕೊಂಡಿದೆ. "ನಮ್ಮಣ್ಣನಿಗೂ ನಾನು ಬಿಟ್ಟಿರ್ಲಿಲ್ಲ."

ಕಾರ್ಯದರ್ಶಿ ನಗುತ್ತಾರೆ. ಆಮೇಲೆ ಗಾಡಿಯ ಬಿಸಿ ಟ್ಯಾಂಕಿನ ಮೇಲೆ ಅಂಗೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ. "ಹಳೆ ಗಾಡಿಗಳು ಇಲ್ಲೇ ಇರಲಿ. ಬಯಲಿನ ಮಾತು ಮುಗೀತು." ಸೊನ್ನೆ ಮಾಮನ ಕಡೆ ತಿರುಗಿ, "ಹೋದ ವರ್ಷ ಸಭೇಲಿ ನೀವು ಹೇಳಿದ್ದು ನಿಜಾನೇ ಅಲ್ವಾ?" ಎನ್ನುತ್ತಾರೆ.

"ನಿಜಾನೇ. ನೀವು ನಕ್ಕಿದ್ದೂ ನಿಜ."

ಮಧ್ಯಾಹ್ನ ಮೂರು ಗಂಟೆಗೆ ಶೆಡ್ಡಿನ ಷಟರು ಮತ್ತೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಮೊಣಕೈಯ ಗುದ್ದು ಬೀಳುತ್ತದೆ. ಉಳಿದವರು ಕೂಟದ ಊಟ ಮುಗಿಸಿ ಇನ್ನೂ ಗುಡ್ಡದಲ್ಲೇ ಹರಟುತ್ತಿದ್ದಾರೆ. ಇವರು ಬಂದಿದ್ದಾರೆ, ಏಕೆಂದರೆ ಒಣಗಿದ ಕೆಸರು ತೊಳೆಯುವುದು ಕಷ್ಟ. ಬಕೆಟ್ಟು, ಬ್ರಷ್ಷು, ಹಳೆಯ ಬನಿಯನ್ನಿನ ಚೂರು. ಹೆಂಡತಿ ಕೆಂಪು ಪಟ್ಟಿಯನ್ನು ಮೊಳೆಗೆ ನೇತುಹಾಕುತ್ತಾರೆ. ಬೆಂಚಿನ ಬಳಿ ನಿಂತು, ಯೋಚಿಸಿ, ಎಣ್ಣೆ ಡಬ್ಬಿಯ ಮುಚ್ಚಳವನ್ನು ಎತ್ತಿ ಡಬ್ಬಿಗೆ ಹಾಕಿ ತಿರುಗಿಸುತ್ತಾರೆ. ಗಂಡ ಅದನ್ನು ನೋಡಿ, ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದುತ್ತಾರೆ.

ಎಡಗೋಡೆಯ ಸೀಮೆಸುಣ್ಣದ ಬರಹವನ್ನು ಅಳಿಸುವುದಿಲ್ಲವೇ ಎಂದು ಕೇಳಿದರೆ, ನಾಳೆ ಅಳಿಸುತ್ತೇನೆ ಎನ್ನುತ್ತಾರೆ. ಡಾಕ್ಟರ ಗಾಡಿಯ ಮುಂದಿನ ಫೋರ್ಕಿನಲ್ಲಿ ಏನೋ ಸದ್ದು ಇದೆ, ಹತ್ತಿ ನೋಡದೆ ತಿಳಿಯುವುದಿಲ್ಲ. ಬರುವ ವರ್ಷ ಕೂಟಕ್ಕೆ ತೊಂಬತ್ತು ದಿನ ಇರುವಾಗ ಮತ್ತೆ ಬರೆಯುತ್ತಾರಂತೆ. ಮುಂದೆ ಏನು ಆಸೆ ಎಂದು ಕೇಳಿದಾಗ ಕೈಯಲ್ಲಿನ ಬನಿಯನ್ ಚೂರನ್ನು ಹಿಂಡುತ್ತಾರೆ. "ಆ ಟೋಪಿ ಹಾಕ್ಕೊಂಡೋಳ ಕೈಯಿಂದ ಆ ಬಂಡೇಲಿ ಒಂದು ಸೊನ್ನೆ ತಗೋಬೇಕು. ಕೇಳಿ ಅಲ್ಲ. ಅವಳೇ ಹೊಡೀಬೇಕು."

ತೂತು ಬಿದ್ದ ಕಾರ್ಡು ಹ್ಯಾಂಡಲ್ಲಿಗೆ ಕಟ್ಟಿದ ಹಾಗೆಯೇ ಇದೆ. ಗೂನು ಬಂಡೆಯ ಜಾಗದಲ್ಲಿ, ಮೊದಲ ಸುತ್ತಿಗೆ ಐದು, ಎರಡನೆಯದಕ್ಕೆ ಒಂದು. ಸೊನ್ನೆ ಮಾಮ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಆ ಒಂದರ ತೂತಿನ ಮೇಲೆ ಬೆರಳಿಡುತ್ತಾರೆ.

"ಬರ್ಕೊಳ್ಳೋದಾದ್ರೆ ಸರಿಯಾಗಿ ಬರ್ಕೊಳ್ಳಿ" ಎನ್ನುತ್ತಾರೆ. "ಈ ಒಂದು ನಂದು. ಗಾಡಿದು ಸೊನ್ನೆ."